ಪೆಟ್ಟಿಗೆಯವರ ಮನೆಯ ದೆವ್ವದ ಪಾರ್ಟಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಶುದ್ಧ ಸುಳ್ಳು. ಮೂಗಿನ ತುದಿಯವರೆಗೆ ಹೋಗಿ ಕೂರುವಷ್ಟು ವ್ಯವಧಾನ ನನ್ನ ಕೋಪಕ್ಕೆಲ್ಲಿದೆ? ನನ್ನದು ಡೋನಟ್ ಕರಿದು ಮಾರುವ ಅಂಗಡಿ. ಬೆಳಗಾದರೆ ಬಾಣಲೆಯ ಮುಂದೆ ನಿಲ್ಲುವವಳಿಗೆ ತಣ್ಣಗೆ ಮಾತಾಡು ಎಂದರೆ ಎಲ್ಲಿಂದ ತರಲಿ? ಬೀದಿಯವರು ಎದುರಿಗೆ ಅಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಕಾದೆಣ್ಣೆ ಎನ್ನುತ್ತಾರೆ. ಎರಡಕ್ಕೂ ನಾನು ತಿರುಗಿ ನೋಡುತ್ತೇನೆ.

ರಸ್ತೆಗೆ ಈ ಕಡೆ ನಾನು, ಆ ಕಡೆ ಪೆಟ್ಟಿಗೆಯವರು. ಪೆಟ್ಟಿಗೆ ಎಂದರೆ ಶವಪೆಟ್ಟಿಗೆ. ಅವರ ಅಂಗಡಿಗೆ ದೊಡ್ಡ ಬಾಗಿಲು, ಒಳಗೆ ಗೋಡೆಗೆ ಒರಗಿಸಿಟ್ಟ ಹಲಗೆಗಳು, ನೆಲದ ತುಂಬ ಮರದ ಹೊಟ್ಟು, ಹಿಂಭಾಗದಲ್ಲಿ ಮೇಲಿನ ಮನೆಗೆ ಹತ್ತುವ ಮೆಟ್ಟಿಲು. ಮನೆಗೆ ಬೇರೆ ಬಾಗಿಲಿಲ್ಲ. ಮೇಲೆ ಹೋಗುವವರು ಹಲಗೆಗಳ ನಡುವೆ ಹಾದೇ ಹೋಗಬೇಕು. ಹಾಗಾಗಿ ಆ ಮನೆಗೆ ಹೋಗಿಬರುವವರು ಕಡಿಮೆ. ಒಮ್ಮೆ ಅವರಲ್ಲಿ ಪೆಟ್ಟಿಗೆ ಮಾಡಿಸಿದವರು ಆಮೇಲೆ ಆ ಕಡೆಯ ಫುಟ್‌ಪಾತನ್ನೇ ಬಿಟ್ಟು ನನ್ನ ಕಡೆ ನಡೆಯುತ್ತಾರೆ. ನನ್ನ ವ್ಯಾಪಾರಕ್ಕೆ ಒಳ್ಳೆಯದೇ, ಆದರೆ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಯಾಕೆಂದರೆ ಆ ಮನುಷ್ಯನ ಋಣ ನನ್ನ ಮೇಲಿದೆ. ನನ್ನ ಗಂಡ ತೀರಿಕೊಂಡಾಗ ಮನೆಯಲ್ಲಿ ಕೂರಲಾರದೆ ಅವರ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತಿದ್ದೆ. ಅವರು ನನ್ನ ಗಂಡನ ಪೆಟ್ಟಿಗೆಯ ಒಳಮೈಯನ್ನು ಉಜ್ಜುತ್ತಿದ್ದರು. ಉಜ್ಜಿದರು, ಕೈಯಾಡಿಸಿ ನೋಡಿದರು, ಮತ್ತೆ ಉಜ್ಜಿದರು. ನನಗೆ ರೇಗಿತು. "ಒಳಗಡೆ ಯಾರು ನೋಡ್ತಾರೆ ಅಂತ ಇಷ್ಟು ನಯ ಮಾಡ್ತಿದ್ದೀರಾ?" ಎಂದೆ. ಅವರು ಕೈ ನಿಲ್ಲಿಸದೆಯೇ, "ಅವರು ಮಲಗೋದು ಒಳಗಡೆ ತಾನೇ ತಂಗಿ" ಎಂದರು. ಅಲ್ಲಿಯವರೆಗೆ ಕಲ್ಲಿನ ಹಾಗಿದ್ದವಳು ಆಗ ಬಾಯಿ ಬಿಟ್ಟು ಅತ್ತೆ.

ಇಂಥದ್ದಕ್ಕೆ ಥ್ಯಾಂಕ್ಸ್ ಹೇಳುವುದು ಹೇಗೆ? 'ಪೆಟ್ಟಿಗೆ ಬಹಳ ಚೆನ್ನಾಗಿತ್ತು' ಎಂದು ಯಾರಾದರೂ ಹೇಳುತ್ತಾರೆಯೇ? ಬೈಯುವುದಕ್ಕೆ ನನ್ನ ಬಾಯಿಗೆ ಬರವಿಲ್ಲ, ಇದಕ್ಕೆ ಮಾತ್ರ ಒಂದು ಮಾತೂ ಬರಲಿಲ್ಲ. ದಿನಾ ಬೆಳಗ್ಗೆ ಮೊದಲ ಒಬ್ಬೆಯ ಎರಡು ಡೋನಟ್ಟನ್ನು ಅವರಿಗೆ ಕೊಟ್ಟು ಬರುತ್ತೇನೆ. ಅವರು ತಲೆಯಾಡಿಸಿ ತೆಗೆದುಕೊಳ್ಳುತ್ತಾರೆ. ವ್ಯವಹಾರ ಅಷ್ಟಕ್ಕೇ ನಿಂತಿತ್ತು.

ಕೆಲವು ತಿಂಗಳ ಹಿಂದೆ ಅವರ ಮಗಳ ಮಗಳು ಅವರ ಜೊತೆ ಇರಲು ಬಂದಳು. ಮಗಳು ಹಡಗೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದಳು, ಸಮುದ್ರದ ಮೇಲೆ ಸಂಸಾರ ಹೂಡಲಾಗುತ್ತದೆಯೇ? ಹುಡುಗಿಯನ್ನು ನಾವು ಕಡ್ಡಿ ಎಂದು ಕರೆಯುತ್ತೇವೆ. ಮೈಯೂ ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ. ಒಂದು ಮಧ್ಯಾಹ್ನ ಶಾಲೆಯ ಬ್ಯಾಗಿನ ಸಮೇತ ನನ್ನ ಅಂಗಡಿಗೆ ನುಗ್ಗಿ, "ಅತ್ತೆ, ಭಾನುವಾರ ನನ್ನ ಬರ್ತ್‌ಡೇ. ದೆವ್ವದ ಡೋನಟ್ ಮಾಡಿಕೊಡ್ತೀರಾ?" ಎಂದಳು.

"ದೆವ್ವದ್ದಾ? ಹೂವು, ಚಿಟ್ಟೆ, ಅಂಥದ್ದೇನೂ ಬೇಡ್ವಾ?"

"ಬೇಡ. ನಮ್ಮ ಕ್ಲಾಸಿನವರು ಯಾರೂ ನಮ್ಮನೆಗೆ ಬರಲ್ಲ. ಹೆದರ್ತಾರೆ. ಹೆಂಗಿದ್ರೂ ಹೆದರ್ತಾರಲ್ಲ, ಬಂದೇ ಹೆದರಲಿ ಅಂತ ದೆವ್ವದ ಪಾರ್ಟಿ ಇಟ್ಟಿದ್ದೀನಿ. ಟಿಕೆಟ್ ತಗೊಂಡು ಸಿನಿಮಾಗೆ ಹೋಗಿ ಹೆದರ್ತಾರೆ. ಇಲ್ಲಿ ಪುಕ್ಕಟೆ!"

ಎಂಥ ತಲೆ ನೋಡಿ! ನಾನು ಅಲ್ಲೇ ಹೂಂ ಎಂದೆ.

ಸಂಜೆ ತಾತ ಬಂದರು. ಅವರು ರಸ್ತೆ ದಾಟಿ ನನ್ನ ಅಂಗಡಿಗೆ ಬರುವುದು ಅಪರೂಪ. ನನ್ನ ಗಿರಾಕಿಗಳು ತಿನ್ನುತ್ತಿರುವಾಗ ತಮ್ಮ ಮುಖ ತೋರಿಸಬಾರದು ಎಂಬ ಸಂಕೋಚ ಅವರಿಗೆ. ಅಂಗಡಿ ಖಾಲಿಯಾಗುವವರೆಗೆ ಹೊರಗೇ ನಿಂತಿದ್ದು ಒಳಗೆ ಬಂದರು.

"ತಂಗಿ, ಅವಳು ಕ್ಲಾಸಿಗೆ ಕ್ಲಾಸನ್ನೇ ಕರೆದು ಬಂದಿದ್ದಾಳೆ. ಯಾರೂ ಬರಲ್ಲ. ಈ ಬೀದಿ ನನಗೆ ಗೊತ್ತಿಲ್ವಾ?"

"ಬರದೇ ಏನ್ ಮಾಡ್ತಾರೆ? ಡೋನಟ್ ಅಂದ್ರೆ ಮಕ್ಕಳು ಬೆಂಕೀನೂ ದಾಟ್ತಾರೆ."

"ಮಕ್ಕಳು ದಾಟ್ತಾರೆ, ದೊಡ್ಡವರು ಬಿಡಬೇಕಲ್ಲ." ಅವರು ಕೌಂಟರಿನ ಮೇಲಿದ್ದ ಸಕ್ಕರೆಯ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆಯುತ್ತಿದ್ದರು. "ನಾನು ತೀರ್ಮಾನ ಮಾಡಿಬಿಟ್ಟಿದ್ದೀನಿ. ಭಾನುವಾರ ಯಾರೂ ಬರಲಿಲ್ಲ ಅಂದ್ರೆ ಸೋಮವಾರ ಅವಳನ್ನ ಹಾಸ್ಟೆಲ್‌ಗೆ ಸೇರಿಸ್ತೀನಿ. ಅಲ್ಲಿ ಮಾತಾಡಿಯೂ ಬಂದಿದ್ದೀನಿ. ಜೊತೆಯಿಲ್ಲದೆ ಮಗು ಬೆಳೀಬಾರದಮ್ಮ. ನನ್ನ ಕಸುಬಿಗೆ ಅವಳು ಯಾಕೆ ಬೆಲೆ ತೆರಬೇಕು?"

"ಅವಳಿಗೆ ಗೊತ್ತಾ ಇದು?"

"ಗೊತ್ತು. 'ಬಂದ್ರೆ?' ಅಂತ ಕೇಳಿದ್ಲು. ಬಂದ್ರೆ ಇಲ್ಲೇ ಇರು ಅಂದೆ. ಆಮೇಲೇ ಈ ದೆವ್ವದ ಐಡಿಯಾ ತೆಗೆದಿದ್ದು."

ಅಲ್ಲಿಯವರೆಗೆ ಅದು ನನಗೆ ಮಕ್ಕಳಾಟವಾಗಿತ್ತು. ಆ ಹುಡುಗಿ ತನ್ನ ತಾತನ ಜೊತೆ ಉಳಿಯುವುದಕ್ಕೆ ನನ್ನ ಹತ್ತಿರ ಡೋನಟ್ ಕೇಳಲು ಬಂದಿದ್ದಳು, ಅದನ್ನು ಹೇಳದೆಯೇ ನಗುತ್ತ ಹೋಗಿದ್ದಳು. ಆಮೇಲೆ ಸಿಟ್ಟು ಬಂತು. "ಒಳ್ಳೆ ತೀರ್ಮಾನ! ಅವಳು ಹೋದ್ರೆ ನೀವೇನ್ ಮಾಡ್ತೀರಿ, ಹಲಗೆ ಜೊತೆ ಮಾತಾಡ್ತಾ ಕೂರ್ತೀರಾ?" ಎಂದೆ.

"ಮೊದಲು ಹಾಗೇ ತಾನೇ ಇದ್ದಿದ್ದು" ಎಂದರು.

ಹೊರಡುವಾಗ ಒಂದು ಷರತ್ತು ಹಾಕಿದರು. "ದೆವ್ವ ಮಾಡಿ, ಬಾವಲಿ ಮಾಡಿ, ಏನ್ ಬೇಕಾದ್ರೂ ಮಾಡಿ. ಶವಪೆಟ್ಟಿಗೆ ಮಾತ್ರ ಬೇಡ. ಅದು ನನ್ನ ಕೆಲಸ, ಆಟದ ಸಾಮಾನಲ್ಲ."

"ಆಗಲಿ ಅಣ್ಣ. ಆದ್ರೆ ನನಗೊಂದು ಡಬ್ಬ ಬೇಕು. ಐಸಿಂಗ್ ಹಾಕಿದ ಡೋನಟ್ ಒಂದರ ಮೇಲೊಂದು ಪೇರಿಸೋಕಾಗಲ್ಲ. ಸಾಲಾಗಿ ಹರಡಬೇಕು, ಮೇಲೆ ಮುಚ್ಚಳ ಇರಬೇಕು, ಮುಚ್ಚಳ ಐಸಿಂಗಿಗೆ ತಾಗಬಾರದು. ತಟ್ಟೆಯಲ್ಲಿ ಹತ್ತು ಸಲ ರಸ್ತೆ ದಾಟಿಸಿದ್ರೆ ಅರ್ಧ ಧೂಳು, ಅರ್ಧ ನೊಣ."

ಅವರ ಮುಖ ಬೆಳಗಿತು. ಮೊಮ್ಮಗಳ ಪಾರ್ಟಿಯಲ್ಲಿ ತಮಗೂ ಒಂದು ಕೆಲಸ ಸಿಕ್ಕಿತಲ್ಲ. "ಅದು ನನಗೆ ಬಿಡಿ. ಗಟ್ಟಿಯಾಗಿ ಮಾಡ್ತೀನಿ" ಎಂದು ಹೋದರು.

ಭಾನುವಾರ ಅಂಗಡಿಗೆ ರಜೆ ಕೊಟ್ಟೆ. ಬೆಳಗ್ಗೆ ಕಡ್ಡಿ ಬರುವಷ್ಟರಲ್ಲಿ ಡೋನಟ್ಟುಗಳನ್ನು ಕರಿದು ಜಾಲರಿಯ ಮೇಲೆ ಆರಲು ಬಿಟ್ಟಿದ್ದೆ. ಪೂರ್ತಿ ಆರದೆ ಐಸಿಂಗ್ ಮುಟ್ಟಿಸಬಾರದು, ಮುಟ್ಟಿಸಿದರೆ ದೆವ್ವ ಕರಗಿ ಗಂಜಿಯಾಗುತ್ತದೆ. ಇದನ್ನು ಹುಡುಗಿಗೆ ಹೇಳಿದೆ, ಅವಳು ಹೂಂ ಎಂದಳು, ನಾನು ಆ ಕಡೆ ತಿರುಗಿದ ಕೂಡಲೇ ಒಂದಕ್ಕೆ ಹಚ್ಚಿ ಗಂಜಿ ಮಾಡಿ ಆ ಗಂಜಿಯನ್ನು ತಿಂದೂ ಬಿಟ್ಟಳು.

ಜೇಡರ ಬಲೆಯಿಂದ ಶುರು ಮಾಡಿದೆವು. ಡೋನಟ್ಟಿನ ಮುಖವನ್ನು ಬಿಳಿ ಐಸಿಂಗಿನಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಕರಗಿಸಿದ ಚಾಕೊಲೇಟಿನಿಂದ ಸುತ್ತಿನ ಹೊರಗೆ ಸುತ್ತು ಎಳೆಯಬೇಕು. ಆಮೇಲೆ ಹಲ್ಲುಕಡ್ಡಿಯ ತುದಿಯಿಂದ ನಡುವಿನ ತೂತಿನಿಂದ ಅಂಚಿಗೆ ಗೀರುತ್ತಾ ಹೋದರೆ ಬಲೆ ತಾನಾಗಿ ಬೀಳುತ್ತದೆ. ಮೊದಲ ಬಲೆ ಬಿದ್ದಾಗ ಕಡ್ಡಿ ಉಸಿರು ಬಿಡುವುದನ್ನೇ ಮರೆತಳು. ಬಾವಲಿಗೆ ಕರಿ ಐಸಿಂಗ್ ಬಳಿದು, ಚಾಕೊಲೇಟ್ ಬಿಸ್ಕತ್ತನ್ನು ಎರಡಾಗಿ ಮುರಿದು ರೆಕ್ಕೆ ಸಿಕ್ಕಿಸಿದೆವು. ತೂತಿಲ್ಲದ ಡೋನಟ್ಟಿಗೆ ಜಾಮ್ ತುಂಬಿ ಮೇಲೆ ಹಲ್ಲು ಕಚ್ಚಿದ ಹಾಗೆ ಎರಡು ಕಡೆ ಚುಚ್ಚಬೇಕು, ಕೆಂಪಗೆ ಒಂದೊಂದು ಹನಿ ಇಣುಕಬೇಕು. ಈ ಕೆಲಸ ಹುಡುಗಿಗೆ ಬಹಳ ಹಿಡಿಸಿತು. ಹಿಡಿಸಿದ್ದು ಜಾಸ್ತಿಯಾಗಿ ಒಂದನ್ನು ಎಷ್ಟು ಜೋರಾಗಿ ಒತ್ತಿದಳೆಂದರೆ ಜಾಮ್ ಚಿಮ್ಮಿ ನನ್ನ ಹುಬ್ಬಿನ ಮೇಲೆ ಕೂತಿತು.

"ಅತ್ತೆ, ಈಗ ನೀವೇ ಭಯ ಹುಟ್ಟಿಸೋ ಹಾಗಿದ್ದೀರಾ!"

"ಮೊದಲು ಇರಲಿಲ್ವಾ?"

"ಮೊದಲು ಸ್ವಲ್ಪ ಇದ್ರಿ" ಎಂದಳು. ಕಡ್ಡಿ ಮುರಿದ ಹಾಗೆ ಎಂದು ಹೇಳಿದ್ದೆನಲ್ಲ.

ಕರಿ ಬಣ್ಣದ ಐಸಿಂಗ್ ಮೊಣಕೈವರೆಗೆ ಹತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ನಮ್ಮದು ಕೈಯೂ ಕಪ್ಪು ಬಾಯಿಯೂ ಕಪ್ಪು. ಅಷ್ಟು ನಗುತ್ತಿದ್ದವಳು ನಡುನಡುವೆ ಕಿಟಕಿಯಾಚೆ ನೋಡಿ, "ಬರ್ತಾರಲ್ವಾ ಅತ್ತೆ?" ಎಂದು ಕೇಳುತ್ತಿದ್ದಳು. ನಾನು ಬರ್ತಾರೆ ಎಂದು ಗದರುವ ದನಿಯಲ್ಲಿ ಹೇಳುತ್ತಿದ್ದೆ. ನನಗೂ ಧೈರ್ಯವಿರಲಿಲ್ಲ.

ಅಷ್ಟರಲ್ಲಿ ತಾತ ಬಂದರು. ಕೈ ತೊಳೆದು ಬಂದಿದ್ದರು, ಆದರೂ ಇನ್ನೊಮ್ಮೆ ತೊಳೆದರು. ಬಿಳಿ ಐಸಿಂಗಿನ ದೆವ್ವಗಳಿಗೆ ಮುಖ ಬರೆಯುವುದು ಮಾತ್ರ ಉಳಿದಿತ್ತು. ಹಿತ್ತಾಳೆ ಫಲಕದ ಮೇಲೆ ಹೆಸರು ಕೆತ್ತುವ ಕೈ ಅದು, ಐಸಿಂಗಿನ ಕೋನನ್ನು ಹಿಡಿದದ್ದೇ ತಡ, ಒಂದು ಹನಿ ಆಚೀಚೆ ಬೀಳದೆ ಬರೆಯುತ್ತಾ ಹೋದರು. ಹುಡುಗಿ ಹೋಗಿ ಇಣುಕಿದಳು.

"ತಾತಾ! ಇದೇನು ಎಲ್ಲವೂ ಕಣ್ಣು ಮುಚ್ಕೊಂಡಿವೆ?"

ನಾನೂ ನೋಡಿದೆ. ಹೌದು, ಸಾಲು ಸಾಲಾಗಿ ದೆವ್ವಗಳು ಕಣ್ಣು ಮುಚ್ಚಿ, ತುಟಿ ಸೇರಿಸಿ, ಹೊಟ್ಟೆ ತುಂಬ ಉಂಡು ಮಲಗಿದ ಹಾಗೆ ನೆಮ್ಮದಿಯಾಗಿದ್ದವು.

"ಸತ್ತವರು ಹೀಗೇ ಇರ್ತಾರಮ್ಮ" ಎಂದರು ತಾತ. "ನಾನು ಇಷ್ಟು ಜನರನ್ನ ನೋಡಿದ್ದೀನಿ, ಒಬ್ಬರೂ ಹಲ್ಲು ಕಿರಿದು ಹೆದರಿಸಿಲ್ಲ."

"ಇದಕ್ಕೆ ಯಾರು ಹೆದರ್ತಾರೆ? ಜೋಗುಳ ಹಾಡಬೇಕು ಅಷ್ಟೇ!" ಕಡ್ಡಿಗೆ ಅಳುವೇ ಬಂದಿತ್ತು. ಅವರು ಗಾಬರಿಯಿಂದ ಒಂದರ ಕಣ್ಣು ತೆರೆಸಲು ನೋಡಿದರು. ಅದು ನಿದ್ದೆಗೆಟ್ಟು ಎದ್ದ ಹಾಗೆ ಕಂಡಿತು. ಮೂವರೂ ನಕ್ಕೆವು. ಮಲಗಿದವು ಮಲಗಿರಲಿ ಎಂದು ಬಿಟ್ಟೆವು.

"ಸರಿ, ಡಬ್ಬ ತರ್ತೀನಿ" ಎಂದು ತಾತ ಎದ್ದರು. ಹೇಳುವಾಗ ದನಿಯಲ್ಲಿ ಒಂದು ಹೆಮ್ಮೆಯಿತ್ತು.

ಕೈಗಾಡಿಯ ಮೇಲೆ ಇಟ್ಟು ತಳ್ಳಿಕೊಂಡು, ಹಿಂದುಗಡೆಯ ಓಣಿಯಿಂದ ನನ್ನ ಅಡುಗೆಮನೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಮೇಲೆ ಹೊದಿಸಿದ್ದ ಬಟ್ಟೆ ತೆಗೆದರು. ನಾನು ನೋಡಿದೆ, ಕಡ್ಡಿ ನೋಡಿದಳು, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಒಳ್ಳೆಯ ಮರ. ಭುಜದ ಹತ್ತಿರ ಅಗಲ, ಕಾಲಿನ ಕಡೆ ಸಪೂರ. ಎರಡೂ ಬದಿಗೆ ಹಿತ್ತಾಳೆಯ ಹಿಡಿಗಳು. ಮುಚ್ಚಳ ಐಸಿಂಗಿಗೆ ತಾಗದಂತೆ ಉಬ್ಬಾಗಿತ್ತು. ಒಳಗೆ ಬಿಳಿ ಬಟ್ಟೆ ಹೊದಿಸಿ ಅಂಚಿನಲ್ಲಿ ನೆರಿಗೆ ಹಿಡಿದಿದ್ದರು. ಉದ್ದ ಒಬ್ಬ ಆಳಿನದು.

"ಅಣ್ಣ, ಇದೇನಿದು?"

"ಯಾಕೆ? ಅಳತೆ ಸಾಲಲ್ವಾ? ಸಾಲಾಗಿ ಹರಡಬೇಕು ಅಂದ್ರಲ್ಲ."

"ಅಳತೆ ಬೇಕಾದಷ್ಟಿದೆ. ಸ್ವಲ್ಪ ಹಿಂದೆ ನಿಂತು ನೋಡಿ."

ಅವರು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಇಳಿದುಹೋಯಿತು. ಹಿಟ್ಟಿನ ಚೀಲದ ಮೇಲೆ ಕುಸಿದು ಕೂತರು. "ಅಯ್ಯೋ ನನ್ನ ಕೈಗಿಷ್ಟು! ಡಬ್ಬ ಅಂತಾನೇ ಮಾಡಿದೆ ಕಣಮ್ಮ. ಆಣೆಗೂ ಡಬ್ಬ ಅಂತಾನೇ ಮಾಡಿದೆ."

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳುತ್ತಾರೆಯೇ? ನನಗೆ ನಗು ತಡೆಯಲಾಗಲಿಲ್ಲ. ಕಡ್ಡಿಯಂತೂ ಕುಣಿಯುತ್ತಿದ್ದಳು. "ತಾತಾ, ನೀನೇ ಪೆಟ್ಟಿಗೆ ಬೇಡ ಅಂದೆ, ನೀನೇ ಮಾಡಿದೀಯಾ! ಎಷ್ಟು ಚೆನ್ನಾಗಿದೆ!"

ಅವರು ಮಾತ್ರ ನಗಲಿಲ್ಲ. ಹುಡುಗಿ ಬಟ್ಟೆ ಬದಲಿಸಲು ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ಇದನ್ನ ಬೀದಿಯಲ್ಲಿ ಹೊತ್ಕೊಂಡು ಹೋದ್ರೆ, ಅಪ್ಪಿತಪ್ಪಿ ಬರೋ ಒಬ್ಬಿಬ್ಬರೂ ಓಡಿಹೋಗ್ತಾರೆ ತಂಗಿ. ನನ್ನ ಕೈಯಾರೆ ನಾನೇ ಅವಳನ್ನ ಹಾಸ್ಟೆಲ್‌ಗೆ ಕಳಿಸಿದ ಹಾಗಾಯ್ತು."

ಬೇರೆ ಡಬ್ಬ ಹುಡುಕಲು ಹೊತ್ತಿರಲಿಲ್ಲ. ಡೋನಟ್ಟುಗಳನ್ನು ಜೋಡಿಸಿದೆವು, ಬಲೆಗಳು ಒಂದು ಕಡೆ, ಬಾವಲಿಗಳು ಒಂದು ಕಡೆ, ತಲೆಯ ಭಾಗದಲ್ಲಿ ಮಲಗಿದ ದೆವ್ವಗಳು. ಒಂದಕ್ಕೊಂದು ತಾಗದೆ ಚೊಕ್ಕವಾಗಿ ಕೂತವು. ಮುಚ್ಚಳ ಹಾಕಿ ನಾನು ಅಂಗಡಿಯ ಮುಂಭಾಗಕ್ಕೆ ಹೋಗಿ ಗಾಜಿನಿಂದ ಹೊರಗೆ ನೋಡಿದೆ.

ಬಂದಿದ್ದರು! ನನ್ನ ಅಂಗಡಿಯ ಮುಂದೆಯೇ, ಫುಟ್‌ಪಾತಿನ ಉದ್ದಕ್ಕೂ, ಕಪ್ಪು ಟೋಪಿ, ಕಾಗದದ ಕೋರೆಹಲ್ಲು, ಮುಖಕ್ಕೆ ಸುಣ್ಣದ ಹಾಗೆ ಪೌಡರು ಬಳಿದುಕೊಂಡ ಮಕ್ಕಳು, ಕೈಯಲ್ಲಿ ಉಡುಗೊರೆ. ಒಂದೊಂದು ಮಗುವಿನ ಕೈಯನ್ನೂ ಒಬ್ಬೊಬ್ಬ ಅಪ್ಪನೋ ಅಮ್ಮನೋ ಬಿಗಿಯಾಗಿ ಹಿಡಿದಿದ್ದರು. ಯಾರೂ ರಸ್ತೆ ದಾಟುತ್ತಿರಲಿಲ್ಲ. ಮಕ್ಕಳು ಜಗ್ಗುತ್ತಿದ್ದವು, ದೊಡ್ಡವರು ಎದುರಿನ ಬಾಗಿಲನ್ನು ನೋಡುತ್ತ ನಿಂತಿದ್ದರು. ಒಬ್ಬಾತ ಮಗನನ್ನು ಕರೆದುಕೊಂಡು ವಾಪಸು ಹೊರಟೇಬಿಟ್ಟಿದ್ದ.

ನನ್ನ ಎಣ್ಣೆ ಹೊಗೆಯಾಡಿತು. ಬಾಗಿಲು ದಬ್ಬಿಕೊಂಡು ಹೊರಗೆ ಹೋದೆ. "ಏನ್ರೀ, ಇಲ್ಲಿತನಕ ಬಂದವರಿಗೆ ರಸ್ತೆ ದಾಟೋಕೇನು ರೋಗ? ಆ ಮನೆಯವರು ಮನುಷ್ಯರಲ್ವಾ? ನಿಮ್ಮ ಕಷ್ಟಕ್ಕೆ ಬೇಕಾದಾಗ ಆ ಬಾಗಿಲು ಕಾಣುತ್ತೆ, ಮಗು ಹುಟ್ಟಿದ ದಿನಕ್ಕೆ ಕಾಣಲ್ವಾ?"

ಎಲ್ಲರೂ ತಲೆ ತಗ್ಗಿಸಿದರು. ನನ್ನ ಪಕ್ಕದ ಬೀದಿಯ ಟೈಲರ್ ಹೆಂಗಸು, ಸಾಮಾನ್ಯವಾಗಿ ನನ್ನ ಮಾತಿಗೆ ಮಾತು ತಿರುಗಿಸುವವಳು, ಮೆತ್ತಗೆ ಹೇಳಿದಳು: "ಮಗಳಿಗೆ ಭಯ ಇಲ್ಲ ಅಕ್ಕ. ಭಯ ನನಗೆ. ಅಮ್ಮ ಹೋದಾಗ ಆ ಬಾಗಿಲು ದಾಟಿದ್ದೆ. ಆಮೇಲೆ ಈ ಕಡೆಯಿಂದ ಅದನ್ನ ನೋಡಿದ್ರೂ ಅಮ್ಮ ಇನ್ನೊಂದು ಸಲ ಹೋದ ಹಾಗಾಗುತ್ತೆ. ಕಾಲೇ ಬರ್ತಿಲ್ಲ."

ವಾಪಸು ಹೊರಟಿದ್ದ ಬಸ್ ಡ್ರೈವರ್ ನಿಂತು, "ನನಗೂ ಹಂಗೇ ಅಕ್ಕ. ನಮ್ಮಪ್ಪ" ಎಂದು ಅಷ್ಟಕ್ಕೇ ನಿಲ್ಲಿಸಿದ.

ಇಷ್ಟು ವರ್ಷ ನಾನು ಇವರನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡಿದ್ದೆ, ಆ ಮನುಷ್ಯನನ್ನು ಅಸಹ್ಯಪಟ್ಟು ದೂರ ಇಟ್ಟಿದ್ದಾರೆ ಎಂದು. ತಾತನೂ ಹಾಗೇ ತಿಳಿದಿದ್ದರು. ಈಗ ನೋಡಿದರೆ ಇವರ ಕಾಲಿಗೆ ಅಡ್ಡ ಬಂದದ್ದು ಅವರವರ ಅಪ್ಪ, ಅಮ್ಮ. ಇದಕ್ಕೆ ಯಾರನ್ನು ಬೈಯಲಿ? ನಾನು ಒಳಗೆ ಬಂದೆ.

"ಬಂದಿದ್ದಾರೆ. ಎತ್ತಿ ಅಣ್ಣ" ಎಂದೆ.

"ಬಂದಿದ್ದಾರಾ? ಎಷ್ಟು ಜನ?"

"ಎತ್ತಿ ಅಂದ್ನಲ್ಲ!"

ತಲೆಯ ಕಡೆ ಅವರು, ಕಾಲಿನ ಕಡೆ ನಾನು. ಬಿಳಿ ದುಪ್ಪಟಿಗೆ ಎರಡು ತೂತು ಮಾಡಿ ಹೊದ್ದುಕೊಂಡ ಕಡ್ಡಿ ನಮ್ಮ ಮುಂದೆ. ಅಂಗಡಿಯ ಬಾಗಿಲು ದಾಟಿ ಬೀದಿಗಿಳಿದೆವು. ಫುಟ್‌ಪಾತಿನವರೆಲ್ಲ ಹಿಂದೆ ಸರಿದು ದಾರಿ ಬಿಟ್ಟರು. ತಾತ ಹೆಜ್ಜೆ ಎತ್ತಿ ಇಡುತ್ತಿದ್ದ ನಿಧಾನಕ್ಕೆ ನನಗೆ ತೋಳು ಬಿದ್ದುಹೋಗುತ್ತಿತ್ತು.

"ಬೇಗ ನಡೀರಿ ಅಣ್ಣ!"

"ಆಗಲ್ಲ ತಂಗಿ. ಪೆಟ್ಟಿಗೆ ಕೈಯಲ್ಲಿದ್ರೆ ಈ ಕಾಲು ಇಷ್ಟೇ ನಡೆಯೋದು."

ಬರುತ್ತಿದ್ದ ಕಾರು ನಿಂತಿತು. ಅದರ ಹಿಂದಿನ ಲಾರಿ ಇಂಜಿನ್ ಆರಿಸಿತು. ಸೈಕಲ್ಲಿನವನು ಇಳಿದು ಟೋಪಿ ತೆಗೆದ. ಆ ಕಡೆಯಿಂದ ಬರುತ್ತಿದ್ದ ಮುದುಕಿಯೊಬ್ಬರು ನಿಂತು ಎದೆಗೆ ಕೈಯಿಟ್ಟುಕೊಂಡು, "ಯಾರಮ್ಮ ಹೋದದ್ದು?" ಎಂದು ಕೇಳಿದರು.

"ಯಾರೂ ಇಲ್ಲ ಅಜ್ಜಿ, ಡೋನಟ್ಟು!" ಎಂದಳು ಕಡ್ಡಿ.

"ಪಾಪ, ಒಳ್ಳೆಯವರಾಗಿದ್ರಾ?" ಎಂದರು ಅಜ್ಜಿ. ನಾನು ತುಟಿ ಕಚ್ಚಿಕೊಂಡೆ.

ರಸ್ತೆಯ ನಡುವಿಗೆ ಬಂದಾಗ ಬೆನ್ನ ಹಿಂದೆ ಸದ್ದಾಯಿತು. ತಿರುಗಿ ನೋಡಿದೆ. ಟೈಲರ್ ಹೆಂಗಸು ಮಗಳ ಕೈ ಹಿಡಿದು ಫುಟ್‌ಪಾತಿನಿಂದ ಇಳಿದು ನಮ್ಮ ಹಿಂದೆ ಬರುತ್ತಿದ್ದಳು. ಅವಳ ಹಿಂದೆ ಬಸ್ ಡ್ರೈವರ್, ಅವನ ಹಿಂದೆ ಉಳಿದವರು. ಯಾರೂ ಕರೆದಿರಲಿಲ್ಲ. ಪೆಟ್ಟಿಗೆ ಮುಂದೆ ಹೋದರೆ ಹಿಂದೆ ಮೌನವಾಗಿ ನಡೆಯಬೇಕು ಎನ್ನುವುದು ನಮ್ಮ ಕಾಲುಗಳಿಗೆ ಗೊತ್ತು, ತಲೆಯನ್ನು ಕೇಳುವುದಿಲ್ಲ ಅವು. ಮೆರವಣಿಗೆ ರಸ್ತೆ ದಾಟಿತು, ಆ ಬಾಗಿಲನ್ನೂ ದಾಟಿತು. ಅಲ್ಲಿಂದ ಪೆಟ್ಟಿಗೆಗಳು ಹೊರಗೆ ಹೋಗುವುದನ್ನೇ ನೋಡಿದವರು ನಾವು. ಒಂದು ಪೆಟ್ಟಿಗೆ ಒಳಗೆ ಬಂದದ್ದು ಅವತ್ತೇ.

ಕೆಲಸದ ಮೇಜಿನ ಮೇಲೆ ಇಳಿಸಿ ಮುಚ್ಚಳ ತೆಗೆದೆ. ಮಕ್ಕಳು ಹಾಕಿದ ಕಿರುಚಾಟಕ್ಕೆ ಹಲಗೆಗಳು ಅದುರಿರಬೇಕು. ಕಡ್ಡಿ ದುಪ್ಪಟಿಯೊಳಗೆ ಕುಣಿಯುತ್ತ ಎಲ್ಲರ ಮೇಲೂ ಬೀಳುತ್ತಿದ್ದಳು. ಮೇಲಿನ ಮನೆಗೆ ಯಾರೂ ಹತ್ತಲೇ ಇಲ್ಲ, ಪಾರ್ಟಿ ಮರದ ಹೊಟ್ಟಿನಲ್ಲೇ ನಡೆಯಿತು. ಮಕ್ಕಳು ಹೊಟ್ಟನ್ನು ಎರಚಾಡಿದರು, ಕರಿ ನಾಲಿಗೆ ಚಾಚಿ ತೋರಿಸಿದರು, ಬಾವಲಿಯ ರೆಕ್ಕೆಗೆ ಜಗಳವಾಡಿದರು.

ದೊಡ್ಡವರು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಟೈಲರ್ ಹೆಂಗಸಿನ ಕೈಗೆ ನಾನೇ ಒಂದು ಡೋನಟ್ ಕೊಟ್ಟೆ. ತಾತ ಬರೆದ ಮಲಗಿದ ದೆವ್ವ. ಅವಳು ಅದನ್ನು ತಿನ್ನದೆ ಬಹಳ ಹೊತ್ತು ನೋಡಿದಳು. ಆಮೇಲೆ ತಾತನ ಹತ್ತಿರ ಹೋದಳು.

"ನಮ್ಮಮ್ಮನ ಮುಖ ಕೊನೆಗೆ ಹೀಗೇ ಇತ್ತು" ಎಂದಳು. "ನೀವು ಒಳಗೆ ಹಾಕಿದ ಬಟ್ಟೆ ಅಮ್ಮನ ಶಾಲಿನ ಬಣ್ಣದ್ದೇ ಆಗಿತ್ತು. ನಾನು ಹೇಳ್ದೇ ಇದ್ರೂ ನೋಡಿ ಹಾಕಿದ್ರಿ. ಹೊಲಿಯೋಳು ನಾನು, ನನಗೆ ಗೊತ್ತಾಯ್ತು. ಅವತ್ತು ಹೇಳೋಕಾಗಲಿಲ್ಲ. ತುಂಬಾ ಉಪಕಾರ ಆಯ್ತು."

ತಾತನಿಗೆ ಇಂಥ ಮಾತು ಕೇಳಿ ಅಭ್ಯಾಸವೇ ಇರಲಿಲ್ಲ. ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡು, ಮಕ್ಕಳು ಎರಚುತ್ತಿದ್ದ ಹೊಟ್ಟನ್ನೇ ಗುಡಿಸತೊಡಗಿದರು. ಬಸ್ ಡ್ರೈವರ್ ಹೋಗಿ ಆ ಪೊರಕೆಯನ್ನು ಅವರ ಕೈಯಿಂದ ತೆಗೆದುಕೊಂಡ. "ನಮ್ಮಪ್ಪನ ಊರುಗೋಲೂ ಹಿಡಿಸ್ಲಿ ಅಂತ ಪೆಟ್ಟಿಗೆಯನ್ನ ಒಂದು ಗೇಣು ಉದ್ದ ಮಾಡಿಕೊಟ್ರಿ. ನೆನಪಿದೆಯಾ?"

"ನೆನಪಿದೆ. ಬೆಳ್ಳಿ ಹಿಡಿ ಇತ್ತು ಆ ಕೋಲಿಗೆ" ಎಂದರು ತಾತ.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೆಲವರು ಮಾತಾಡಿದರು, ಕೆಲವರು ಕೈ ಹಿಡಿದುಕೊಂಡರು. ಕೈಯಲ್ಲಿ ಅರ್ಧ ತಿಂದ ಬಾವಲಿ, ಕಣ್ಣಲ್ಲಿ ನೀರು. ನನಗೂ ತಡೆಯಲಾಗಲಿಲ್ಲ. "ಅಣ್ಣ, ನಾನೂ ಹೇಳಿಬಿಡ್ತೀನಿ" ಎಂದೆ. "ನನ್ನವರನ್ನ ನಯವಾದ ಜಾಗದಲ್ಲಿ ಮಲಗಿಸಿದ್ರಿ. ಅದೊಂದನ್ನ ನೆನೆಸ್ಕೊಂಡೇ ನಾನು ಮತ್ತೆ ಅಂಗಡಿ ಬಾಗಿಲು ತೆಗೆದಿದ್ದು. ನೀವು ಚೆನ್ನಾಗಿರಬೇಕು." ಅಷ್ಟು ಹೇಳುವಷ್ಟರಲ್ಲಿ ನನಗೆ ಬೆವರು ಬಂದಿತ್ತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಅವರು ಎರಡೂ ಕೈ ಜೋಡಿಸಿ, "ಸಾಕು ತಂಗಿ, ಇನ್ನು ಅಳಿಸಬೇಡಿ, ಮಗು ಹುಟ್ಟಿದ ದಿನ" ಎಂದರು.

ಬಿಸಿಲು ಇಳಿಯುವ ಹೊತ್ತಿಗೆ ಪೆಟ್ಟಿಗೆ ಖಾಲಿಯಾಗಿತ್ತು. ಮಕ್ಕಳು ಬಾಗಿಲಲ್ಲಿ ಗುಂಪುಗೂಡಿ ಒಂದೇ ದನಿಯಲ್ಲಿ ಕೂಗಿದರು: "ತಾತಾ, ಹೋಗಿ ಬರ್ತೀವೀ!"

ದೊಡ್ಡವರೆಲ್ಲ ಥಟ್ಟನೆ ತಿರುಗಿ ನೋಡಿದರು. ಯಾರ ಮನೆಯಿಂದ ಹೊರಟರೂ ನಾವು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತೇವೆ. ಆದರೆ ಈ ಬಾಗಿಲಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಇಲ್ಲಿಗೆ ಮತ್ತೆ ಬರುತ್ತೇನೆ ಎಂದರೆ ಮನೆಯಲ್ಲಿ ಇನ್ನೊಂದು ಸಾವು ಎಂದರ್ಥ. ತಾತನೂ ಯಾರಿಗೂ ಬನ್ನಿ ಎಂದವರಲ್ಲ, ಕೈ ಮುಗಿದು ತಲೆ ತಗ್ಗಿಸುತ್ತಾರೆ ಅಷ್ಟೇ. ಟೈಲರ್ ಹೆಂಗಸು ಗಾಬರಿಯಿಂದ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು. ತಾತ ಮಕ್ಕಳ ಮುಖಗಳನ್ನು ನೋಡುತ್ತ ನಿಂತರು, ಕರಿ ನಾಲಿಗೆ, ಕೆಂಪು ಗಲ್ಲ, ಕೂದಲಲ್ಲಿ ಮರದ ಹೊಟ್ಟು.

"ಬನ್ನಿ" ಎಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಹೇಳಿದರು: "ಬನ್ನಿ ಮಕ್ಕಳೇ. ಆಟ ಆಡೋಕೆ ಬನ್ನಿ. ದಿನಾ ಬನ್ನಿ."

ಎಲ್ಲರೂ ಹೋದ ಮೇಲೆ ಕಡ್ಡಿ ದುಪ್ಪಟಿಯನ್ನು ತಲೆಯಿಂದ ತೆಗೆದು ಕೈಯಲ್ಲಿ ಮುದ್ದೆ ಮಾಡಿಕೊಂಡು ಅವರ ಮುಂದೆ ನಿಂತಳು. "ತಾತ, ಸೋಮವಾರ?" ಎಂದು ಕೇಳಿದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅವರು ಅವಳ ಕೂದಲಿನಿಂದ ಹೊಟ್ಟನ್ನು ಒಂದೊಂದಾಗಿ ಆರಿಸಿ ತೆಗೆಯುತ್ತ, "ಸೋಮವಾರ ಸ್ಕೂಲಿಗೆ ಹೋಗು. ಸಂಜೆ ಮನೆಗೆ ಬಾ" ಎಂದರು.